ಬೊಮ್ಮಸಂದ್ರದ ಕಲ್ಲಿನಲ್ಲಿ ಕಡಲ ಬಸವನಹುಳು

ಕಿಟಕಿಯ ಕಟ್ಟೆಗೆ ಕಲ್ಲು ಆರಿಸಲು ಮಗಳು ಅನಿತಾಳೊಂದಿಗೆ ಬೊಮ್ಮಸಂದ್ರದ ಕಲ್ಲಿನಂಗಡಿಗೆ ಬಂದಿದ್ದೆ. ಹೊಳಪು ತೋರಿಸಲು ಯಜಮಾನ ಮುನಿರಾಜಣ್ಣ ಹೊರದೇಶದ ಸುಣ್ಣಕಲ್ಲಿನ ಹಾಸಿನ ಮೇಲೆ ಚೊಂಬು ನೀರು ಸುರಿದರು. ಮೂಲೆಯಲ್ಲಿ ಬೆರಳುದ್ದದ ಮೊನಚು ಸುರುಳಿಯೊಂದು ಎದ್ದು ಕಂಡಿತು. ಅದರ ಸುತ್ತ ಕೆಂಪು ಸೀಮೆಸುಣ್ಣದ ಗೆರೆ.

"ಅದು ಡ್ಯಾಮೇಜು ಕಣಕ್ಕಾ. ಈಗ್ಲೇ ಕತ್ತರ್ಸಿ ಬಿಸಾಕ್ತೀವಿ."

ಯಂತ್ರ ಆಗಲೇ ತಿರುಗುತ್ತಿತ್ತು. "ಸ್ವಲ್ಪ ಇರಿ, ಅಣ್ಣ," ಎಂದೆ.

ಭೂವಿಜ್ಞಾನ ಓದುವ ಅನಿತಾ ನಕ್ಕಳು. "ಯಾವ್ದೋ ಶಂಖ ಬಿಡಮ್ಮ. ಹೊರಚಿಪ್ಪೇ ಕಾಣ್ಸಲ್ಲ, ಯಾವ ಗುಂಪು ಅಂತ ಹೇಗೆ ಹೇಳೋದು?"

ಪರೀಕ್ಷೆಗೆ ಅವಳು ಪಾಠ ಒಪ್ಪಿಸುವಾಗ ನೋಟ್ಸು ಹಿಡಿದು ಕೂರುವವಳು ನಾನೇ.

"ಒಳಗೆ ನೋಡೇ. ಒಂದೊಂದು ಸುತ್ತಿನಲ್ಲೂ ಸೀರೆಯ ನೆರಿಗೆಯಂತೆ ಮಡಿಕೆ ಇದೆ. ಉದ್ದಕ್ಕೆ ಕೊಯ್ದಾಗ ಕಾಣೋ ಈ ಮಡಿಕೆಗಳಿಂದಲೇ ಗುಂಪು ಗುರುತಿಸೋದು ಅಂತ ನೀನೇ ಬರ್ದಿದ್ದೀಯ. ನೆರಿನಿಯಾ!"

ಅನಿತಾ ಮಂಡಿಯೂರಿ ಮಡಿಕೆಗಳನ್ನು ಎಣಿಸಿದಳು. ಮತ್ತೆ ಎಣಿಸಿದಳು. "ಹೌದು ಕಣಮ್ಮ! ನೆರಿನಿಯಾನೇ! ಡೈನೋಸಾರ್ ಕಾಲದ ಕಡಲ ಬಸವನಹುಳು!"

ಮುನಿರಾಜಣ್ಣ ಹೆಗಲ ಟವೆಲಿನಿಂದ ಕೆಂಪು ಗೆರೆ ಒರೆಸಿ ಕೂಗಿದರು: "ಏಯ್, ಮಿಷನ್ ಆಫ್ ಮಾಡ್ರೋ! ಡೈನೋಸಾರ್ ಕಾಲದ ಬಸವನಹುಳ ಅಂತೆ, ಅಕ್ಕ ಕಂಡಿಡಿದವ್ರೆ!"

ಹಾಸು ಒಂದೇ ತುಂಡಾಗಿ ನಮ್ಮ ಟೆಂಪೋ ಏರಿತು.