ಕಿರೀಟ ಅಳಿಸಿದ್ದು ನಾನು

ಉಜ್ಜಿದ್ದು ನಾನು, ವಿಮಲಾ ಮೇಡಂ. ನಮ್ಮ ಮನೆಯ ಹಳೆಯ ರಿವಾಲ್ವರಿನ ಮೇಲಿದ್ದ ಪುಟ್ಟ ಕಿರೀಟದ ಗುರುತನ್ನು ನನ್ನ ಕೈಯಾರೆ ಅಳಿಸಿದೆ. ನೀವು ಕೇಳಿದಾಗ ಇಲ್ಲ ಅಂದೆ. ಆ ಮಾತನ್ನು ನಂಬಿ ನೀವು ನಿಮ್ಮ ಕಣ್ಣನ್ನೇ ಅನುಮಾನಿಸಿದಿರಿ, ಕೊನೆಗೆ ಹಳೆಯ ಬಂದೂಕುಗಳನ್ನು ನೋಡುವುದನ್ನೇ ಬಿಟ್ಟಿರಿ. ಇಷ್ಟು ವರ್ಷ ಜಯನಗರದ ನಿಮ್ಮ ಮನೆಗೆ ಬಂದು, ನಿಮ್ಮ ಕೈಯ ಕಾಫಿ ಕುಡಿದು, ಹವಾಮಾನದ ಬಗ್ಗೆ ಮಾತಾಡಿ ಎದ್ದು ಹೋಗಿದ್ದೇನೆ. ಇದೊಂದನ್ನು ಹೇಳಲಿಲ್ಲ.

ನಿಮ್ಮನ್ನು ಮೊದಲು ಕಂಡ ದಿನ ನೆನಪಿದೆ. ಜೆ.ಪಿ. ನಗರದ ನನ್ನ ಡಾಕ್ಟರ್ ಗೆಳೆಯ ತನ್ನ ತಾತನ ರಿವಾಲ್ವರ್ ಹಿಡಿದು ನಿಮ್ಮಲ್ಲಿಗೆ ಹೊರಟಿದ್ದ, ಜೊತೆಗೆ ನನ್ನನ್ನೂ ಎಳೆದುಕೊಂಡು ಬಂದಿದ್ದ. ಹಳೆಯ ಬಂದೂಕಿನ ಊರು, ವಯಸ್ಸು ಹೇಳುವವರು ಅಂದರೆ ಗಿರಿಜಾ ಮೀಸೆಯ ನಿವೃತ್ತ ಕರ್ನಲ್ ಇರಬೇಕು ಅಂದುಕೊಂಡಿದ್ದೆ. ಬಾಗಿಲು ತೆರೆದವರು ನೀವು — ಹತ್ತಿ ಸೀರೆ, ಕೈಯಲ್ಲಿ ಕರಿಬೇವಿನ ಕಡ್ಡಿ. ಕಾಲೇಜಿನಲ್ಲಿ ಲೋಹಶಾಸ್ತ್ರ ಕಲಿಸಿ ನಿವೃತ್ತರಾದವರು ಎಂದು ಆಮೇಲೆ ತಿಳಿಯಿತು.

"ಮೊದ್ಲು ಲೈಸೆನ್ಸ್ ತೋರ್ಸಿ," ಅಂದಿರಿ. "ಆಮೇಲೆ ಕಾಫಿ. ಗನ್ ಕೊನೇಗೆ."

ಖಾಲಿ ಇದೆಯೋ ಇಲ್ಲವೋ ಎಂದು ನೀವೇ ನೋಡಿಕೊಂಡಿರಿ. ಹೆಬ್ಬೆರಳಿನಿಂದ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದು, ಕಿವಿಯ ಹತ್ತಿರ ಹಿಡಿದು ಒಳಗಿನ ಸದ್ದು ಕೇಳಿದಿರಿ. ಸಿಂಗಲ್ ಆ್ಯಕ್ಷನ್ ಅಂದರೆ ಇದೇ, ಪ್ರತಿ ಸಲವೂ ಹ್ಯಾಮರನ್ನು ಕೈಯಿಂದಲೇ ಎಳೆಯಬೇಕು, ಬರೀ ಟ್ರಿಗರ್ ಒತ್ತಿದರೆ ಅದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ ಎಂದು ನನಗೆ ವಿವರಿಸಿದಿರಿ. ನಳಿಗೆಯ ಮೇಲೆ ದೊಡ್ಡ ಅಮೆರಿಕನ್ ಹೆಸರು ಕೊರೆದಿತ್ತು. ಡಾಕ್ಟರ್ ಅದನ್ನು ಹೆಮ್ಮೆಯಿಂದ ತೋರಿಸಿದ.

"ಹೆಸರು ಕೊನೇಲಿ ಓದೋಣ. ಹೆಸರನ್ನ ಯಾರು ಬೇಕಾದ್ರೂ ಕೊರೀಬಹುದು ಡಾಕ್ಟ್ರೇ. ಪರೀಕ್ಷೆ ಮಾಡಿದ ದೇಶದ ಮೊಹರು ಎಲ್ಲೋ ಮೂಲೇಲಿ ಕೂತಿರತ್ತೆ, ಅದು ಸುಳ್ಳು ಹೇಳಲ್ಲ."

ಭೂತಗನ್ನಡಿ ಹಿಡಿದು ಆ ಮೊಹರನ್ನು ಹುಡುಕಿದಿರಿ. ಚೌಕಟ್ಟಿನ ಮೇಲಿನ ನಂಬರು, ಟ್ರಿಗರಿನ ಸುತ್ತಿನ ಬಳೆಯ ನಂಬರು, ಹಿಡಿಯ ಕೆಳಗಿನ ನಂಬರು ಮೂರೂ ಒಂದೇ ಹೌದೋ ಅಲ್ಲವೋ ನೋಡಿದಿರಿ. ಬೆಲ್ಜಿಯಂನಲ್ಲಿ ಮಾಡಿದ ನಕಲು ಎಂದು ನೀವು ಹೇಳಿದಾಗ ಡಾಕ್ಟರ್ ಮುಖ ಸಣ್ಣದಾಯಿತು. ಅದಕ್ಕೆ ನೀವು, "ನಕಲು ಅಂದ್ರೆ ಕಳಪೆ ಅಲ್ರೀ. ಈ ಅರದ ಕೆಲಸ ನೋಡಿ, ಆ ಕೈ ಎಷ್ಟು ನಿಧಾನಿ ಇದ್ದಿರಬೇಕು," ಅಂದಿರಿ. ಎಂದೋ ಸತ್ತುಹೋದ, ಹೆಸರೇ ಗೊತ್ತಿಲ್ಲದ ಕೆಲಸಗಾರನಿಗೆ ಅಷ್ಟು ಮರ್ಯಾದೆ. ನಾನು ಜೀವನವಿಡೀ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿದವನು. ನೋಡುವುದು ಅಂದರೆ ಏನು ಎಂದು ಕಲಿತದ್ದು ಆ ಮಧ್ಯಾಹ್ನ.

ಆಮೇಲೆ ನಾನು ನಿಮ್ಮ ಬಾಲವಾದೆ. ಯಾರು ಬಂದರೂ ನಿಮ್ಮ ಮೊದಲ ಪ್ರಶ್ನೆ ಒಂದೇ — "ಇದನ್ನ ಯಾರಾದ್ರೂ ಉಜ್ಜಿದಾರಾ?" ಪಾಲಿಶ್ ಮಾಡಿದರೆ ವಯಸ್ಸು ಅಳಿಸಿಹೋಗುತ್ತದೆ ಎಂದು ನೀವು ಹೇಳುತ್ತಿದ್ದಿರಿ. ಕೋಣನಕುಂಟೆಯ ನಮ್ಮ ಬೀದಿಯಲ್ಲಿ ಅದೇ ಮಾತನ್ನು ನಾನು ದೊಡ್ಡ ಮನುಷ್ಯನ ಹಾಗೆ ಎಲ್ಲರಿಗೂ ಉಪದೇಶ ಮಾಡುತ್ತಿದ್ದೆ. ಬಂದೂಕು ತಂದವರು ಹೇಳಿದ ಉತ್ತರವನ್ನು ನೀವು ನಂಬುತ್ತಿದ್ದಿರಿ. ಅದು ನಿಮ್ಮ ಪದ್ಧತಿ. ಹಟ ಹಿಡಿದ ಸ್ಕ್ರೂವನ್ನು ಬಲವಂತ ಮಾಡಿ ಬಿಚ್ಚುತ್ತಿರಲಿಲ್ಲ, ಸ್ಕ್ರೂ ತಲೆ ಹಾಳಾದರೂ ಚರಿತ್ರೆ ಹಾಳಾದಂತೆಯೇ ಎಂಬ ಸಂಕೋಚ ನಿಮಗೆ.

ನಮ್ಮ ಮನೆಯ ರಿವಾಲ್ವರ್ ಆಗ ಡೀಲರ್ ಬಳಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಆಗುವತನಕ ಅಲ್ಲೇ ಇರಬೇಕಿತ್ತು. "ನಿಮ್ಮದು ಯಾವಾಗ ಬರತ್ತೆ ಶ್ರೀಕಂಠ?" ಎಂದು ನೀವು ಕೇಳುತ್ತಲೇ ಇದ್ದಿರಿ. ಬಂತು, ಆಯುಧಪೂಜೆಯ ಹಿಂದಿನ ದಿನ ಬಂತು. ಗುಂಡಿಗೆ ಹೊಡೆಯುವ ಮೊನೆ ಎಂದೋ ಮುರಿದಿದ್ದ, ಗ್ರೀಸ್ ಗಟ್ಟಿಯಾಗಿ ಕಪ್ಪು ಹಿಡಿದ ಒಬ್ಬ ಮುದುಕ.

ಆಯುಧಪೂಜೆಯ ದಿನ ನಮ್ಮಲ್ಲಿ ಏನು ಹೊಳೆಯುವುದಿಲ್ಲ ಹೇಳಿ? ಕಾರು, ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಸ್ಪ್ಯಾನರು — ಎಲ್ಲಕ್ಕೂ ಸ್ನಾನ, ಕುಂಕುಮ, ಹೂವು. "ದೇವ್ರ ಮುಂದೆ ಈ ಮಸಿ ಹಿಡಿದದ್ದನ್ನ ಹೀಗೇ ಇಡ್ತೀರಾ?" ಅಂದಳು ಹೆಂಡತಿ. ತಪ್ಪನ್ನು ಅವಳ ಮೇಲೆ ಹಾಕುತ್ತಿಲ್ಲ. ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದರೆ ಸಾಕಿತ್ತು. ನಿವೃತ್ತಿಯಾದ ಮೇಲೆ ಶೋಕಿಗೆ ಕೊಂಡಿದ್ದ, ಲೋಹ ಉಜ್ಜಿ ಹೊಳಪು ಕೊಡುವ ಬಫಿಂಗ್ ಮೋಟರ್ ಮೂಲೆಯಲ್ಲಿತ್ತು. ಸಿಲಿಂಡರಿನ, ಅಂದರೆ ಗುಂಡು ತುಂಬುವ ಆ ತಿರುಗುವ ಭಾಗದ ಹಿಂಬದಿಗೆ ಸುಮ್ಮನೆ ಒಮ್ಮೆ ತಾಗಿಸೋಣ ಅಂದುಕೊಂಡೆ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ — ಕಣ್ಣು ಮಿಟುಕಿಸುವುದರೊಳಗೆ ಆ ಜಾಗ ಸ್ಟೀಲ್ ಲೋಟದಂತೆ ಬಿಳುಪಾಯಿತು, ಅಲ್ಲಿದ್ದ ಪುಟ್ಟ ಕಿರೀಟವೂ ಹೋಯಿತು.

ಅಲ್ಲಿಗೇ ನಿಲ್ಲಿಸಿ ನಿಮಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಲೋಹ ಕಪ್ಪಾಗಿಸುವ ದ್ರಾವಣ ನನ್ನಲ್ಲಿತ್ತು, ಕಾರ್ಖಾನೆಯ ವಿದ್ಯೆ. ಹತ್ತಿಯಲ್ಲಿ ಅದ್ದಿ ಹಚ್ಚಿ, ಒರೆಸಿ, ಮತ್ತೆ ಹಚ್ಚಿ ಸುತ್ತಲಿನ ಬಣ್ಣಕ್ಕೆ ಹೊಂದಿಸಿಬಿಟ್ಟೆ. ಕೈಚಳಕಕ್ಕೆ ನನಗೇ ನಾನು ಶಹಬ್ಬಾಸ್ ಹೇಳಿಕೊಂಡೆನಲ್ಲ, ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹಬ್ಬ ಮುಗಿಸಿ ನಿಮ್ಮಲ್ಲಿಗೆ ತಂದೆ. ನೀವು ಬಹಳ ಹೊತ್ತು ನೋಡಿದಿರಿ. ನಮ್ಮದೂ ಬೆಲ್ಜಿಯಂನದೇ; ಸಿಲಿಂಡರಿನ ಹಿಂಬದಿಯ ಮೊಹರಿನ ಮೊಟ್ಟೆಯಾಕಾರದ ಗೆರೆ ಉಳಿದಿತ್ತು, ಅದರ ತಲೆಯ ಮೇಲೆ ಏನೂ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದಲ್ಲಿ ಆ ಮೊಹರಿನ ಮೇಲೆ ಕಿರೀಟ ಕೂತಿತು. ಕಿರೀಟ ಇದ್ದರೆ ಆಮೇಲಿನದು, ಇಲ್ಲದಿದ್ದರೆ ಮುಂಚಿನದು. ಅಲ್ಲಿನವರು ಹಳೆಯ ಮಾದರಿಯನ್ನೇ ವರ್ಷಗಟ್ಟಲೆ ಮಾಡುತ್ತಿದ್ದುದರಿಂದ ಬೇರೆ ಯಾವುದರಿಂದಲೂ ವಯಸ್ಸು ಗೊತ್ತಾಗುವಂತಿರಲಿಲ್ಲ. ಇದೆಲ್ಲ ನೀವೇ ಕಲಿಸಿದ್ದು.

ಬೆರಳನ್ನು ಆ ಜಾಗದ ಮೇಲೆ ಸವರಿದಿರಿ. ತಲೆಯೆತ್ತಿದಿರಿ.

"ಇಲ್ಲಿ ಬಣ್ಣ ಯಾಕೋ ಸ್ವಲ್ಪ ಬೇರೆ ಥರ ಇದೆ. ಉಜ್ಜಿದೀರಾ ಶ್ರೀಕಂಠ?"

"ಇಲ್ಲ ಮೇಡಂ. ನಾನು ಉಜ್ತೀನಾ?"

ಅಷ್ಟೇ. ನೀವು ನಕ್ಕಿರಿ. "ಹೌದಲ್ಲ, ನಿಮ್ಮನ್ನ ಕೇಳ್ತೀನಲ್ಲ ನಾನು," ಅಂದಿರಿ. ಕಿರೀಟಕ್ಕೆ ಮುಂಚಿನದು ಎಂದು ತೀರ್ಮಾನ ಮಾಡಿದಿರಿ.

ಮುಂದಿನ ತಿಂಗಳು ಡಾಕ್ಟರ್ ಮನೆಯಲ್ಲಿ ಹಳೆಯ ಆಯುಧಗಳ ಆಸಕ್ತರು ಸೇರಿದಾಗ ನೀವು ಅದನ್ನೇ ಹೇಳಿದಿರಿ. ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿಯ ಬಸವರಾಜ ಅಲ್ಲಿಗೆ ಬಂದಿದ್ದರು. ಆಫೀಸು ಕೆಲಸ, ಇದು ಹವ್ಯಾಸ. ನನ್ನ ಅನುಮತಿ ಕೇಳಿ, ನಳಿಗೆಯ ಪಕ್ಕದಲ್ಲಿ ಖಾಲಿ ತೋಟಾ ಹೊರತಳ್ಳುವ ಕೊಳವೆಯ ಸ್ಕ್ರೂಗೆ ಎಣ್ಣೆ ಬಿಟ್ಟು, ತಾಳ್ಮೆಯಿಂದ ಕಾದು ಬಿಚ್ಚಿದರು. ಆ ಕೊಳವೆಯ ಮರೆಯಲ್ಲಿ, ಬಫಿಂಗ್ ಚಕ್ರ ಮುಟ್ಟದ ಜಾಗದಲ್ಲಿ, ಅದೇ ಮೊಹರು ಇತ್ತು. ಅವರು ನಿಮ್ಮ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಮೇಡಂ, ಇಲ್ಲಿ ಕಿರೀಟ ಐತ್ರಿ."

ನೀವು ನೋಡಿದಿರಿ. ಎಲ್ಲರ ಎದುರಿಗೆ, ಒಂಚೂರೂ ಅಳುಕದೆ, "ಬಸವರಾಜ್ ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು," ಅಂದಿರಿ. ಅಷ್ಟು ಚೊಕ್ಕವಾಗಿ ತಪ್ಪೊಪ್ಪಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ — ಅದೂ ತಮ್ಮದಲ್ಲದ ತಪ್ಪನ್ನು. ನಾನು ಪಕ್ಕದಲ್ಲೇ ಚಕ್ಕುಲಿ ತಟ್ಟೆ ಹಿಡಿದು ಕೂತಿದ್ದೆ. ಬಾಯಿ ತೆರೆದೆ. ಸುತ್ತ ಗೊತ್ತಿರುವ ಮುಖಗಳು, ಎಲ್ಲರಿಗೂ ಉಜ್ಜಬೇಡಿ ಎಂದು ಉಪದೇಶ ಮಾಡಿದವನು ನಾನು... ಬಾಯಿ ಮುಚ್ಚಿಕೊಂಡೆ.

ಆಟೋದಲ್ಲಿ ವಾಪಸ್ ಬರುವಾಗ ನೀವು ರಸ್ತೆಯ ಕಡೆಗೆ ಮುಖ ಮಾಡಿ ಕೂತಿದ್ದಿರಿ. "ಕಣ್ಣು ಹೋಯ್ತು ಶ್ರೀಕಂಠ. ಅಲ್ಲಿ ಇಲ್ಲದ ಬಣ್ಣ ಕಾಣ್ತು, ಇರೋ ಕಿರೀಟ ಕಾಣ್ಲಿಲ್ಲ. ಇನ್ನು ಸಾಕು," ಅಂದಿರಿ. ಆಮೇಲೆ ಬಂದವರನ್ನೆಲ್ಲ ಬಸವರಾಜರ ಬಳಿ ಕಳಿಸಿದಿರಿ. ಹೋದ ವಾರ ಭೂತಗನ್ನಡಿಯನ್ನೂ ನನ್ನ ಕೈಗಿಟ್ಟಿರಿ. "ನೀವಿಟ್ಕೊಳ್ಳಿ. ನಿಮ್ಮ ಮಾತಿನ ಮೇಲೆ ನಂಗೆ ನಂಬಿಕೆ ಇದೆ."

ಆ ಗಾಜಿನಲ್ಲಿ ನಾನು ಮೊದಲು ನೋಡಿದ್ದು ನಮ್ಮ ರಿವಾಲ್ವರನ್ನು. ನಾನು ಹಚ್ಚಿದ ಕಪ್ಪು ಈಗ ಅಲ್ಲಲ್ಲಿ ಬಿಟ್ಟಿದೆ, ಕೆಳಗೆ ಬಫಿಂಗ್ ಚಕ್ರದ ಸಣ್ಣ ಗೆರೆಗಳು ಸಾಲಾಗಿ ಕಾಣುತ್ತವೆ. ಮೇಡಂ, ಅಲ್ಲಿ ಇಲ್ಲದ ಬಣ್ಣ ನಿಮಗೆ ಕಾಣಲಿಲ್ಲ. ಇದ್ದ ಬಣ್ಣವೇ ಕಂಡಿತ್ತು. ನನ್ನ ಕಾರ್ಖಾನೆಯ ವಿದ್ಯೆಯೆಲ್ಲ ಖರ್ಚು ಮಾಡಿ ಮುಚ್ಚಿದ್ದನ್ನು ನಿಮ್ಮ ಬೆರಳು ಒಮ್ಮೆ ಸವರಿದ್ದಕ್ಕೇ ಹಿಡಿದಿತ್ತು. ನಿಮ್ಮ ಕಣ್ಣು ಸೋಲಲಿಲ್ಲ, ನೀವು ನನ್ನನ್ನು ನಂಬಿದಿರಿ.

ನಾಳೆ ಬೆಳಿಗ್ಗೆ ಬರುತ್ತೇನೆ. ಬಸವರಾಜರಿಗೂ ಡಾಕ್ಟರಿಗೂ ಬರಲು ಹೇಳಿದ್ದೇನೆ, ಯಾಕೆ ಎಂದು ಹೇಳಿಲ್ಲ. ಅವರ ಎದುರೇ ಆದದ್ದು ಅವರ ಎದುರೇ ಸರಿಯಾಗಬೇಕು. ಕಾಫಿ ಕೊಡದೆ ಕಳಿಸಿದರೂ ಸರಿ, ಇನ್ನು ಬರಬೇಡಿ ಅಂದರೂ ಸರಿ. ಭೂತಗನ್ನಡಿಯನ್ನು ಮಾತ್ರ ನಿಮ್ಮ ಮೇಜಿನ ಮೇಲೆ, ಅದು ಇರುತ್ತಿದ್ದ ಜಾಗದಲ್ಲೇ ಇಟ್ಟು ಹೋಗುತ್ತೇನೆ.