ಕಿತೇರಿಯಾಳ ನಿಜವಾದ ವಯಸ್ಸು

ಕಾಶೊಯೆರಾ ಊರಿನ ಡೋನ ಎವುಫ್ರಾಸಿಯಾಳ ಮನೆಯಲ್ಲಿ ಗುಲಾಮಳಾಗಿ ಅಡುಗೆ ಮಾಡುತ್ತಿದ್ದ ಕಿತೇರಿಯಾಳಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತಿದ್ದು 1872ರಲ್ಲಿ. ಆ ವರ್ಷ ಬ್ರೆಜಿಲಿನ ಮಾಲೀಕರೆಲ್ಲ ತಮ್ಮ ಗುಲಾಮರ ಹೆಸರು, ವಯಸ್ಸನ್ನು ಕಚೇರಿಯಲ್ಲಿ ಬರೆಸಬೇಕಿತ್ತು. ಯಜಮಾನಿ ಬರೆಸಿ ತಂದ ಕಾಗದವನ್ನು ಅಂಗಿ ಕೊಡಲು ಬಂದಿದ್ದ ದರ್ಜಿ ತಿಬುರ್ಸಿಯೊ ಮೆಲ್ಲಗೆ ಓದಿದ. ಅವನು ಸ್ವತಂತ್ರ ಕರಿಯ; ನಾಲ್ಕಕ್ಷರ ಬಲ್ಲವ.

"ಅಕ್ಕಾ, ನಿಂಗೆ ಐವತ್ತೆಂಟು ಅಂತೆ. ಮುದುಕಿ ಆಗ್ಹೋದೆಯಲ್ಲ!"

"ಥೂ! ನಂಗಿನ್ನೂ ಮುಟ್ಟೇ ನಿಂತಿಲ್ಲ ಕಣೋ."

ತಿಬುರ್ಸಿಯೊನ ನಗು ಅಲ್ಲೇ ನಿಂತಿತು. "1831ರ ಮೇಲೆ ಹಡಗಲ್ಲಿ ತಂದವ್ರು ಗುಲಾಮರೇ ಅಲ್ಲ ಅಂತ ಕಾನೂನಿದೆ. ನೀನು ಅದಕ್ಕೂ ಮೊದ್ಲೇ ಬಂದೋಳು ಅಂತ ತೋರಿಸೋಕೆ ವಯಸ್ಸು ಏರಿಸಿದಾರೆ."

ಹಡಗಿನಿಂದ ಇಳಿದಾಗ ತನಗೆ ಹಾಲುಹಲ್ಲು ಬೀಳುತ್ತಿದ್ದದ್ದು ಅವಳಿಗೆ ನೆನಪಿತ್ತು; ಹಾಗಾದರೆ ತಾನು ಬಂದದ್ದು ಆ ಕಾನೂನಿನ ನಂತರವೇ. ಅಂದಿನಿಂದ ಅವಳ ಅಡುಗೆ ಕೆಟ್ಟಿತು. ಬೀನ್ಸಿಗೆ ಎರಡೆರಡು ಸಲ ಉಪ್ಪು ಬಿತ್ತು, ತಾಳೆಎಣ್ಣೆ ಸೀದುಹೋಯಿತು. ತಾನು ಗುಲಾಮಳಲ್ಲದಿದ್ದರೆ, ಸಾಂತು ಅಮಾರುವಿನ ಕಬ್ಬಿನ ಗಾಣಕ್ಕೆ ಮಾರಿಹೋದ ಮಗಳು ಬೆನೆದಿತಾ ಕೂಡ ಗುಲಾಮಳಲ್ಲ!

ತಿಬುರ್ಸಿಯೊ ಪಾದ್ರಿಯ ಕೈಕಾಲು ಹಿಡಿದು ಹಳೆಯ ದೀಕ್ಷಾಸ್ನಾನದ ಪುಸ್ತಕ ತೆಗೆಸಿದ. '1838. ಕಿತೇರಿಯಾ, ಆಫ್ರಿಕಾದವಳು, ಸುಮಾರು ಏಳು ವರ್ಷ.' ಬಡವರ ಪರ ವಾದಿಸುವ ವಕೀಲನೊಬ್ಬ ದಾವೆ ಹಾಕಿದ. ಅದು ಮೂರು ವರ್ಷ ಎಳೆಯಿತು. ತೀರ್ಪಾಗುವವರೆಗೆ ಕೋರ್ಟಿನವರು ಅವಳನ್ನು ಬೇರೊಬ್ಬರ ಮನೆಯಲ್ಲಿಟ್ಟರು. ಅಲ್ಲೂ ಒಲೆಯ ಮುಂದೆಯೇ. ಒಲೆಗೂ ಬಾಗಿಲಿಗೂ ನೂರು ಸಲ ಓಡಾಡುವಳು. ಮನೆ ಮುಂದಿನ ಹೊಳೆಯಲ್ಲಿ ದೋಣಿಯಿಂದ ಯಾರಿಳಿದರೂ, "ಸಾಂತು ಅಮಾರುವಿಂದ ಬಂದ್ರಾ? ನನ್ನ ಮಗಳನ್ನ ಕಂಡ್ರಾ?" ಎಂದು ಕೇಳುವಳು.

ಕೋರ್ಟಿನ ಜಗಲಿಯಲ್ಲಿ ಯಜಮಾನಿ ಎದುರಾದಳು. "ನಮ್ಮಪ್ಪ ಅನ್ನ ಹಾಕಿ ಸಾಕಿದ್ರಲ್ಲೇ, ಉಪಕಾರಗೇಡಿ!"

"ಆ ಅನ್ನ ಬೇಯಿಸಿದ್ದು ಯಾರು, ಅಮ್ಮಾವ್ರೇ?"

ಇವಳು ಒಂದು ದಿನವೂ ಗುಲಾಮಳಾಗಿರಲಿಲ್ಲ ಎಂದು ತೀರ್ಪಾಯಿತು. "ಹಾಗಾದ್ರೆ ಮೂವತ್ತೇಳು ವರ್ಷ ನಾನು ಏನಾಗಿದ್ದೆ, ಸ್ವಾಮಿ?" ಎಂದಳು. ನ್ಯಾಯಾಧೀಶರು ಮುಂದಿನ ಮೊಕದ್ದಮೆ ಕೂಗಿಸಿದರು.

ಅವತ್ತೇ ಹೊರಟು, ಎರಡು ದಿನ ನಡೆದು ಗಾಣ ಮುಟ್ಟಿದಳು. "ಈ ತೀರ್ಪು ನಿಂದು. ಅವಳದ್ದು ತಗೊಂಡು ಬಾ," ಎಂದ ಮಾಲೀಕ. ಬೇಲಿಯಾಚೆ ಕಬ್ಬು ಹೊತ್ತು ನಿಂತಿದ್ದ ಬೆನೆದಿತಾ, "ಅವ್ವಾ, ಇಲ್ಲಿ ಜಗಳ ಬೇಡ, ಹೋಗು!" ಎಂದು ಕೂಗಿದಳು. ಕಿತೇರಿಯಾ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದಳು.

ಮಗಳು ಬಿಡುಗಡೆಯಾಗಲು ಇನ್ನೂ ಒಂದು ವರ್ಷ ಹಿಡಿಯಿತು. ಹೊಳೆಯ ದಂಡೆಯಲ್ಲಿ ಇಬ್ಬರೂ ಕೋಣೆ ಹಿಡಿದು, ಅಕಾರಜೆ ಎಂಬ ಅಲಸಂದೆ ವಡೆ ಕರಿದು ಮಾರಿ ಬದುಕಿದರು. ಮುದುಕಿಯಾದ ಮೇಲೂ ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ "ಕಿತೇರಿಯಾ!" ಎಂದರೆ, ಯಜಮಾನಿಯೇ ಕೂಗಿದಳೆಂಬಂತೆ ತುತ್ತು ಬಿಟ್ಟು ಎದ್ದುನಿಲ್ಲುತ್ತಿದ್ದಳು.

"ಕೂತ್ಕೊಳ್ಳವ್ವಾ," ಎಂದು ಬೆನೆದಿತಾ ಲಂಗ ಹಿಡಿದು ಎಳೆಯುತ್ತಿದ್ದಳು.