ದಿನಕ್ಕೊಂದು ಮಿಲಿಮೀಟರ್

ಕರೆಂಟಿನ ಮೊದಲ ಚುರುಕಿಗೇ ನಾನು "ಅಮ್ಮಾ!" ಎಂದು ಕಿರುಚಿಕೊಂಡೆ. ಪರದೆಯಾಚೆ ಕಾಯುತ್ತಿದ್ದ ಮುದುಕಿಯೊಬ್ಬರು, "ಅಯ್ಯೋ, ಯಾರ ಮಗೂನೋ ಪಾಪ!" ಎಂದರು. ನನಗೆ ಐವತ್ತಮೂರು. ಮುಖ ಮುಚ್ಚಿಕೊಳ್ಳೋಣವೆಂದರೆ ಕೈ ನರದ ಮೇಷ್ಟ್ರ ವಶದಲ್ಲಿತ್ತು.

ಆಸ್ಪತ್ರೆಯಲ್ಲಿ ನರ ಪರೀಕ್ಷೆ ಮಾಡುವ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಇಪ್ಪತ್ತು ವರ್ಷದಿಂದ ಅದೇ ಕೋಣೆ, ಅದೇ ಮಂಚ, ಅಳತೆಯ ಟೇಪು, ಕಿವಿಯ ಮೇಲೊಂದು ನೀಲಿ ಪೆನ್ನು. ಜೋಮು ಹಿಡಿದ ನನ್ನ ಕೈಮೇಲೆ ಎರಡು ಚುಕ್ಕೆಯಿಟ್ಟು, ಸಣ್ಣಗೆ ಕರೆಂಟು ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಸುದ್ದಿ ಎಷ್ಟು ಬೇಗ ಓಡುತ್ತದೆಂದು ನೋಡುತ್ತಿದ್ದರು.

"ಜಾಸ್ತಿ ನೋವಾದ್ರೆ ನರ ಜೋರಾಗಿ ಕೂಗುತ್ತಾ?" ಎಂದೆ, ಮಾನ ಉಳಿಸಿಕೊಳ್ಳಲು.

"ನರದ ಒಂದೆಳೆಗೆ ಬರೋದು ಒಂದೇ ಕೂಗು ಸಾರ್. ದೊಡ್ಡದು ಚಿಕ್ಕದು ಇಲ್ಲ. ಮೆತ್ತಗೆ ಮುಟ್ಟಿದ್ರೆ ಬಿಟ್ಟು ಬಿಟ್ಟು ಕೂಗುತ್ತೆ, ಒತ್ತಿದ್ರೆ ಒಂದೇ ಸಮ. ಎಷ್ಟು ಸಲ ಕೂಗ್ತು ಅನ್ನೋದ್ರಲ್ಲೇ ಮಿದುಳು ತಿಳ್ಕೊಳ್ಳುತ್ತೆ."

"ನಮ್ಮನೆಯವಳೂ ಹಾಗೇ ಬೈಯೋದು!"

ಅವರು ನಗಲಿಲ್ಲ. "ಬೈಸ್ಕೊಳ್ಳಿ ಸಾರ್. ಪುಣ್ಯ ಮಾಡಿದ್ದೀರಿ."

ಎಂಟು ತಿಂಗಳ ಹಿಂದೆ ಕಿಟಕಿಯ ಗಾಜು ಒಡೆದು ಅವರ ಹೆಂಡತಿಯ ಮೊಣಕೈ ಬಳಿ ನರ ತುಂಡಾಯಿತಂತೆ. ಹೊಲಿದಿದ್ದಾರೆ. ಹೊಲಿದ ನರ ದಿನಕ್ಕೆ ಒಂದು ಮಿಲಿಮೀಟರ್ ಚಿಗುರುತ್ತದೆ, ಅದೂ ಅದರ ಮನಸ್ಸಿದ್ದರೆ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಆಕೆಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ತಟ್ಟುತ್ತಾ ಬರುತ್ತಾರೆ. "ಇಲ್ಲಿ ಜುಂ ಅಂತು ನೋಡಿ" ಎಂದು ಆಕೆ ಹೇಳಿದಲ್ಲಿ ನೀಲಿ ಚುಕ್ಕೆ; ಮಾಸಿದ ಹಳೆಯವನ್ನೂ ತಿದ್ದುತ್ತಾರೆ. ಚುಕ್ಕೆಗಳು ಇರುವೆ ಸಾಲಿನಂತೆ ಮಣಿಕಟ್ಟಿನವರೆಗೆ ಬಂದಿವೆ. ಕಿರುಬೆರಳು ಇನ್ನೂ ದೂರ.

ಮದುವೆಯಾದಾಗಿನಿಂದ ಇಬ್ಬರೂ ಬಜಾರಿಗೆ ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡೇ ಹೋಗುವುದು. ಈಗ ಬೆರಳು ಜಾರಿದರೂ ಆಕೆಗೆ ತಿಳಿಯದು, ಮಾತಾಡುತ್ತಲೇ ಮುಂದೆ ಹೋಗಿಬಿಡುತ್ತಾರೆ.

"ಮೊನ್ನೆ ಪಕ್ಕದಲ್ಲಿ ಬರ್ತಿದ್ದ ಪೋಸ್ಟ್‌ಮ್ಯಾನಿಗೆ 'ರೀ, ಬೇಗ ಹೆಜ್ಜೆ ಹಾಕ್ರಿ' ಅಂದ್ಲು. ಅವನು ಪಾಪ, ಹಾಕ್ದ."

"ನೀವು?"

"ಅಲ್ಲೇ ನಿಂತಿದ್ದೆ. ತಿರುಗ್ತಾಳೇನೋ ಅಂತ." ಅವರ ಕಿರುಬೆರಳು ಈಗಲೂ ಕೊಕ್ಕೆಯಂತೆ ಬಾಗಿಯೇ ಇತ್ತು.

ನನ್ನ ಕೈಮೇಲಿನ ಚುಕ್ಕೆಗಳನ್ನು ಹತ್ತಿಯಿಂದ ಒರೆಸತೊಡಗಿದರು. ನಾನು ಕೇಳಿದೆ, "ನರ ಬೆರಳು ಮುಟ್ಟಿತು ಅಂತ ಹೇಗೆ ಗೊತ್ತಾಗುತ್ತೆ? ಅವರನ್ನೂ ಈ ಮಂಚಕ್ಕೆ ಕರ್ಕೊಂಡು ಬರ್ತೀರಾ?"

"ಬೇಡ ಸಾರ್. ಬಜಾರಲ್ಲಿ ಮೆಲ್ಲಗೆ ಬೆರಳು ಬಿಡಿಸ್ಕೋತೀನಿ. ಬೈದ್ಲು ಅಂದ್ರೆ, ಬಂತು."